ಉಡಿಗೆ ಬಂದ ಚೆಂಡು

ನಮ್ಮ ನಾಯಿಗೆ ಆಟ ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಮನೆಯಲ್ಲಿ ಎಲ್ಲರೂ ನಾನು ಕಲಿಸಿದೆ, ನಾನು ಕಲಿಸಿದೆ ಅನ್ನುತ್ತಾರೆ. ಮಗ ಅನ್ನುತ್ತಾನೆ, ಸೊಸೆ ಅನ್ನುತ್ತಾಳೆ, ಹಲಗೆ ಕೊಟ್ಟ ಬಾಜೂ ಮನೆಯ ಬಡಿಗ್ಯಾನೂ ಅನ್ನುತ್ತಾನೆ. ಮೊಮ್ಮಗಳು ಅಂದರೆ ಒಪ್ಪುತ್ತೇನೆ, ಅವಳ ಪಾಲು ಅರ್ಧ. ಉಳಿದ ಅರ್ಧಕ್ಕೆ ಯಾರಾದರೂ ಕೈ ಹಚ್ಚಿದರೆ ನಾನು ಸುಮ್ಮನಿರುವವಳಲ್ಲ.

ಆಗ ನನ್ನ ಮಗ ಶಹಾಬಾದದ ಹತ್ತಿರ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಕಾಲೋನಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದರು. ಸೊಸೆ ಶಾಲೆಯಲ್ಲಿ ಟೀಚರಿಣಿ. ಇಬ್ಬರೂ ಕೆಲಸಕ್ಕೆ ಹೋದರೆ ಮೊಮ್ಮಗಳನ್ನು ನೋಡುವವರು ಬೇಕಲ್ಲ, ಹಾಗಾಗಿ ನಾನು ನಾಲವಾರ ಕಡೆಯ ನಮ್ಮ ಹಳ್ಳಿಯಿಂದ ಬಂದೆ. ಬರುವಾಗ ಬುಟ್ಟಿ ತುಂಬ ಜೋಳದ ಕಟಕ ರೊಟ್ಟಿ, ಅದರ ಮೇಲೆ ಒಂದು ಅರಿವೆ, ಅರಿವೆಯ ಮೇಲೆ ಒಂದು ಕೆಂದು ಬಣ್ಣದ ನಾಯಿಮರಿ, ಅದರ ಮೇಲೆ ಇನ್ನೊಂದು ಅರಿವೆ. ಮೊಮ್ಮಗಳು ಹಿಂದಿನ ರಜೆಯಲ್ಲೇ ಕೇಳಿದ್ದಳು. ವಾಡಿ ಬಂದಾಗ ಟಿಕೀಟು ನೋಡುವವನು ಗಾಡಿ ಹತ್ತಿದ. ಅದೇ ವೇಳೆಗೆ ಬುಟ್ಟಿ ಕುಂಯ್ ಅಂತು.

“ಏನದ ಬುಟ್ಟಿಯಾಗ?”

“ರೊಟ್ಟಿ ಅದಾವ್ರಿ.”

“ರೊಟ್ಟಿ ಯಾಕ ಅಳ್ಲಿಕತ್ತಾವ?”

“ಬಿಸಿ ಅದಾವ್ರೀ, ಅದ್ಕ.”

ಅವನು ನಕ್ಕು ಮುಂದಿನ ಡಬ್ಬಿಗೆ ಹೋದ. ನಮ್ಮ ನಾಯಿ ಕಾಲೋನಿಗೆ ಬಂದದ್ದು ಹೀಗೆ. ಮೊಮ್ಮಗಳು ಅದಕ್ಕೆ ದಿನಕ್ಕೊಂದು ಹೆಸರು ಇಡುತ್ತಿದ್ದಳು. ಅದು ಮಾತ್ರ ನನ್ನ “ಕುರ್ ಕುರ್” ಗೆ ಬಿಟ್ಟರೆ ಯಾವುದಕ್ಕೂ ತಿರುಗಿ ನೋಡುತ್ತಿರಲಿಲ್ಲ.

ನಾಯಿ ದೊಡ್ಡದಾಯಿತು. ನೆಟ್ಟನೆಯ ಕಿವಿ, ಉದ್ದ ಕಾಲು, ಸಣ್ಣ ಹೊಟ್ಟೆ. ಒಂದು ದಿನ ಕಾಲೋನಿಯ ಆಫೀಸಿನಿಂದ ಒಬ್ಬ ಜವಾನ ಡಂಗುರ ಹೊಡೆದಂತೆ ಕೂಗುತ್ತ ಬಂದ. ನಾಯಿ ಸಾಕಿದವರು ಆಫೀಸಿನಲ್ಲಿ ಬರೆಸಬೇಕು, ಅವುಗಳ ಕೊರಳಿಗೆ ತಗಡಿನ ಬಿಲ್ಲೆ ಕೊಡುತ್ತಾರೆ, ಕಾಲೋನಿಯ ವಾರ್ಷಿಕ ಆಟೋಟ ಮುಗಿದ ಮರುದಿನ ಬೆಳಿಗ್ಗೆ ಗಾಡಿ ಬರುತ್ತದೆ, ಬಿಲ್ಲೆ ಇಲ್ಲದ ನಾಯಿಗಳನ್ನೆಲ್ಲ ಒಯ್ಯುತ್ತದೆ. ಎಲ್ಲಿಗೆ ಒಯ್ಯುತ್ತಾರೆ ಅಂತ ಕೇಳಿದರೆ ಚಿಂಚೋಳಿ ಕಡೆಯ ಅಡವಿಗೆ ಅಂದರು ಕೆಲವರು, ನೀರು ನಿಂತ ಹಳೆಯ ಕಲ್ಲಿನ ಖಣಿಗೆ ಅಂದರು ಕೆಲವರು. ಒಯ್ದ ನಾಯಿ ತಿರುಗಿ ಬಂದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ನಾನು ಅದೇ ದಿನ ಮೊಮ್ಮಗಳ ಕೈ ಹಿಡಿದು, ನಾಯಿಗೆ ಹಗ್ಗ ಕಟ್ಟಿ ಆಫೀಸಿಗೆ ಹೋದೆ. ಅಲ್ಲಿದ್ದ ಸಾಹೇಬರು ಮೈಸೂರು ಕಡೆಯವರು. ಕೆಟ್ಟವರಲ್ಲ, ಆದರೆ ನಗುವಾಗ ಮುಖ ನೋಡದೆ ನಗುವವರು.

“ಇದು ಬೀದಿ ನಾಯಿ ಅಲ್ವೇನಜ್ಜಿ? ಬಿಲ್ಲೆ ಕೊಡೋದು ಜಾತಿ ನಾಯಿಗಳಿಗೆ ಮಾತ್ರ.”

“ಬೀದ್ಯಾಗಿಂದಲ್ರಿ, ನಮ್ಮ ಮನಿದು. ಇದರವ್ವ ನಮ್ಮ ಹೊಲ ಕಾಯ್ತಾದ.”

“ಅದಲ್ಲ. ತಳಿ ಯಾವುದು ಅಂತ ಬರ್ಕೋಬೇಕು.”

“ನಾಯಿಗಿನೂ ಜಾತಿ ಕೇಳ್ತೀರೇನ್ರಿ ಸಾಹೇಬ್ರ? ನಮ್ಮ ಮನ್ಯಾಗ ಮನ್ಶ್ಯಾರಿಗೇ ಕೇಳಾಂಗಿಲ್ಲ.”

ಕಾರಕೂನರು ಕೆಮ್ಮಿದರು. ಸಾಹೇಬರು ಪೆನ್ನು ಕೆಳಗಿಟ್ಟು, ಎಲ್ಲರೂ ನಗಲಿ ಅಂತಲೇ ಹೇಳಿದರು: “ಆಯ್ತಜ್ಜಿ. ಈ ಸಲ ಕ್ಲಬ್ಬಿನ ಮೈದಾನದಲ್ಲಿ ನಾಯಿಗಳ ಚೆಂಡಾಟ ಇದೆ. ನಿಮ್ಮ ನಾಯಿ ಅದನ್ನ ಒಂದು ತಪ್ಪಿಲ್ಲದೆ ಆಡಿ ತೋರಿಸ್ಲಿ, ನಾನೇ ಬಿಲ್ಲೆ ಕೊಡ್ತೀನಿ.”

ಎಲ್ಲರೂ ನಕ್ಕರು. ಮೊಮ್ಮಗಳು ನನ್ನ ಸೀರೆ ಜಗ್ಗಿದಳು. ನಾನು ಒಬ್ಬೊಬ್ಬ ಕಾರಕೂನನ ಕಡೆಗೂ ಬೆರಳು ಮಾಡಿ ಅಂದೆ: “ನೀವೆಲ್ಲಾರೂ ಕೇಳೀರಿ ನೋಡ್ರಪ್ಪಾ. ಸಾಹೇಬ್ರ ಮಾತದು.”

ಹೊರಗೆ ಬಂದ ಮೇಲೆ ಮೊಮ್ಮಗಳು ಕೇಳಿದಳು, “ಆಯಿ, ಚೆಂಡಾಟ ಅಂದ್ರ ಹ್ಯಾಂಗಿರ್ತದ?”

“ನನಗೇನ್ ಗೊತ್ತವ್ವ? ನಡಿ ನೋಡೂಣು.”

ಕ್ಲಬ್ಬಿನ ಬೇಲಿಯ ಸಂದಿಯಿಂದ ನೋಡಿದೆವು. ಸಾಹೇಬರ ಮನೆಗಳ ನಾಯಿಗಳಿಗೆ ಕಲಿಸುತ್ತಿದ್ದರು. ಸಾಲಾಗಿ ನಾಲ್ಕು ಮೋಟು ಅಡ್ಡಗಟ್ಟೆ. ಅವುಗಳ ಆಚೆ ಒಂದು ಕಟ್ಟಿಗೆಯ ಡಬ್ಬಿ, ಅದಕ್ಕೊಂದು ಇಳಿಜಾರು ಹಲಗೆ. ನಾಯಿ ನಾಲ್ಕೂ ಗಟ್ಟೆ ಹಾರಿ ಹೋಗಿ ಹಲಗೆಗೆ ಕಾಲು ಒದೆಯಬೇಕು. ಡಬ್ಬಿಯಿಂದ ಚೆಂಡು ಚಂಗನೆ ಹಾರುತ್ತದೆ. ಅದನ್ನು ಬಾಯಲ್ಲಿ ಹಿಡಿದು, ಮತ್ತೆ ನಾಲ್ಕೂ ಗಟ್ಟೆ ಹಾರಿ, ಸುಣ್ಣದ ಗೆರೆಯ ಮೇಲೆ ನಿಂತ ತನ್ನವರಿಗೆ ತಂದು ಕೊಡಬೇಕು. ಅಷ್ಟೇ. ಯಾರೋ ದೊಡ್ಡವರ ಮನೆಯವರು ಪರದೇಶದಲ್ಲಿ ನೋಡಿ ಬಂದಿದ್ದರಂತೆ.

“ಇಷ್ಟೇ ಏನು!” ಅಂದೆ.

ಇಷ್ಟೇ ಅಲ್ಲ ಅಂತ ಮರುದಿನವೇ ತಿಳಿಯಿತು. ಹಿತ್ತಲಲ್ಲಿ ತೊಗರಿ ಕಟ್ಟಿಗೆಯ ಸಣ್ಣ ಸಣ್ಣ ಹೊರೆ ಕಟ್ಟಿ ನಾಲ್ಕು ಗಟ್ಟೆ ಮಾಡಿದೆವು. ನಮ್ಮ ನಾಯಿ ಅವುಗಳ ಪಕ್ಕದಿಂದ ಆರಾಮಾಗಿ ನಡೆದು ಹೋಯಿತು. ಖುಲ್ಲಾ ದಾರಿ ಇರುವಾಗ ಯಾರಾದರೂ ಯಾಕೆ ಹಾರುತ್ತಾರೆ? ಆಗ ಮೊಮ್ಮಗಳು ಲಂಗ ಎತ್ತಿ ಕಟ್ಟಿ ತಾನೇ ಹಾರಿದಳು. ನಾಯಿಗೆ ಅದು ಭಾಳ ಖುಷಿ ಕೊಟ್ಟಿತು, ಬೊಗಳುತ್ತ ಅವಳ ಬೆನ್ನಿಗೆ ಹಾರಿತು. ಅವಳು ಬಿದ್ದಳು, ಮೊಣಕಾಲು ಕೆತ್ತಿತು, ಅರಿಷಿಣ ಹಚ್ಚಿಕೊಂಡು ಮತ್ತೆ ಹಾರಿದಳು.

ಡಬ್ಬಿಯನ್ನು ಬಾಜೂ ಮನೆಯ ಬಡಿಗ್ಯಾ ಮಾಡಿಕೊಟ್ಟ. ಸಾಬೂನು ತುಂಬಿ ಬರುವ ಕಟ್ಟಿಗೆ ಖೋಕ್ಯಾದ ಹಲಗೆ, ಒಳಗೆ ಸೈಕಲ್ ಟ್ಯೂಬಿನ ರಬ್ಬರು. ಮೊದಲನೆಯ ಸಲ ಹಲಗೆ ಫಟ್ ಅಂದಾಗ ನಾಯಿ ಬಚ್ಚಲಲ್ಲಿ ಅಡಗಿತು, ಸಂಜೆತನಕ ಬರಲಿಲ್ಲ. ನಾನು ಗದರಿಸಲಿಲ್ಲ. ಹಲಗೆಯ ಮೇಲೆ ಹಾಲಲ್ಲಿ ನೆನೆಸಿದ ರೊಟ್ಟಿ ಇಟ್ಟೆ. ಮೂಗು ಚಾಚಿತು, ತಿಂದಿತು. ಮರುದಿನ ರೊಟ್ಟಿಯನ್ನು ಹಲಗೆಯ ಕೆಳಗೆ ಇಟ್ಟೆ. ಕಾಲಿನಿಂದ ಕೆರೆಯಿತು, ಫಟ್ ಅಂತು, ಚೆಂಡು ಹಾರಿತು. ಈ ಸಲ ಅದು ಓಡಲಿಲ್ಲ. ಕಿವಿ ನೆಟ್ಟಗೆ ಮಾಡಿ, ಇದನ್ನು ಮಾಡಿದ್ದು ತಾನೇನು ಅಂತ ನನ್ನ ಮುಖ ನೋಡಿತು.

“ನೀನೇ ಮಾಡಿದ್ದಿ, ನನ್ನವ್ವಾ!” ಅಂತ ನಾನು ಕೂಗಿದ್ದು ಓಣಿಗೆಲ್ಲ ಕೇಳಿತು.

ಚೆಂಡು ಅಂದರೆ ನನ್ನ ಹಳೆಯ ಇಳಕಲ್ ಸೀರೆಯ ಚಿಂದಿ ಸುತ್ತಿ ಹೊಲಿದದ್ದು. ಅದಕ್ಕೆ ನನ್ನ ವಾಸನೆ ಇತ್ತೋ ಏನೋ, ನಾಯಿ ಅದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ನಾನು ಬಾಗಿಲ ಮುಂದಿನ ಫರಸಿ ಕಲ್ಲಿನ ಮೇಲೆ ಸೀರೆಯ ಉಡಿ ಚಾಚಿ ಕೂಡುತ್ತಿದ್ದೆ. ಅದು ಓಡಿ ಬಂದು ಚೆಂಡನ್ನು ಉಡಿಯಲ್ಲಿ ಹಾಕುತ್ತಿತ್ತು. ಅದೇ ಉಡಿಯಿಂದ ನಾನು ರೊಟ್ಟಿ ಚೂರು ತೆಗೆದು ಕೊಡುತ್ತಿದ್ದೆ. ಏನು ಓಟ, ಏನು ಹಾರುವ ಅಂದ! ನೋಡಲು ಓಣಿಯ ಹೆಂಗಸರು ಕೂಡತೊಡಗಿದರು. ಎದುರು ಮನೆಯವಳು ಸೊಂಟಕ್ಕೆ ಕೈ ಇಟ್ಟು ಕೇಳಿದಳು:

“ಏನ್ರಿ ಯವ್ವಾ, ನಾಯಿಗಿ ಸಾಲಿ ಹಚ್ಚೀರೇನು? ಪಾಸ್ ಆದ್ರ ಪೇಢೆ ಹಂಚ್ತೀರೋ ಇಲ್ಲೋ?”

“ಹಂಚ್ತೀನವ್ವ. ನಿನ್ನ ಮಗನ ಪೇಢೇನೂ ಇನ್ನಾ ಬಂದಿಲ್ಲಲ್ಲ, ಕೂಡೇ ಹಂಚೂಣು.”

ಅವಳ ಮಗ ಎರಡನೆಯ ಸಲ ಮ್ಯಾಟ್ರಿಕ್ಕಿಗೆ ಕೂತಿದ್ದ. ಅವಳೇ ಮೊದಲು ನಕ್ಕಳು.

ಹೆದರಿದವನು ನನ್ನ ಮಗ ಒಬ್ಬನೇ. ಊಟಕ್ಕೆ ಕೂತಾಗ ಅಂದ, “ಯವ್ವಾ, ಆ ಸಾಹೇಬ್ರ ಕೈಕೆಳಗ ನಾ ನೌಕರಿ ಮಾಡ್ಲಿಕತ್ತೀನಿ. ಅಷ್ಟು ಮಂದ್ಯಾಗ ನಗೆಪಾಟಲು ಆಗೂದು ಬ್ಯಾಡ. ನಾಯಿ ಊರಿಗಿ ಬಿಟ್ಟು ಬಾ.”

ಮೊಮ್ಮಗಳ ಕೈಯ ತುತ್ತು ಹಾಗೇ ನಿಂತಿತು. ನಾಯಿ ಹೋದರೆ ಅವಳು ಹೇಗಿರುತ್ತಾಳೆ ಅಂತ ನನಗೆ ಆ ತುತ್ತಿನಲ್ಲೇ ಕಂಡಿತು.

“ನೀ ಮೈದಾನಕ್ಕ ಬರಬ್ಯಾಡ. ನಾ ಬರ್ತೀನಿ, ಇಕಿ ಬರ್ತಾಳ, ನಾಯಿ ಬರ್ತಾದ. ನಗೋರು ನಮ್ಗ ನಗ್ಲಿ,” ಅಂದೆ.

ಆಟೋಟದ ದಿನ ಅವನೂ ಬಂದ, ದೂರ ಬೇವಿನ ಗಿಡದ ಕೆಳಗೆ ನಿಂತ. ಶಾಮಿಯಾನದ ಕೆಳಗೆ ಕುರ್ಚಿ, ಕುರ್ಚಿಯ ಮೇಲೆ ದೊಡ್ಡ ಮಂದಿ. ನಾಯಿಗಳಂತೂ! ತೋಳದಂಥದ್ದು ಒಂದು, ಕಿವಿ ನೆಲ ಗುಡಿಸುವಂಥದ್ದು ಒಂದು, ಹಿಂಜಿದ ಅರಳೆಯಂಥದ್ದು ಒಂದು. ಎಲ್ಲಕ್ಕೂ ಚರ್ಮದ ಪಟ್ಟಿ, ಪಟ್ಟಿಗೆ ಬಿಲ್ಲೆ. ನಮ್ಮದಕ್ಕೆ ಮೊಮ್ಮಗಳು ಹೆಣೆದ ಹಗ್ಗ. ತೋಳದಂಥದ್ದು ಬಾಣದಂತೆ ಹೋಗಿ ಬಂತು. ಅರಳೆಯಂಥದ್ದು ಎರಡನೆಯ ಗಟ್ಟೆಯ ಹತ್ತಿರ ಮಲಗಿಬಿಟ್ಟಿತು. “ಪಾಪ, ಹೆದರಿದೆ, ಇನ್ನೊಂದು ಸಲ,” ಅಂದರು ಸಾಹೇಬರು. ಇನ್ನೊಂದು ಸಲವೂ ಮಲಗಿತು. ಮತ್ತೂ ಒಂದು ಸಲ ಬಿಟ್ಟರು.

ಕೊನೆಗೆ ನಮ್ಮದು. ಗೆರೆಯ ಮೇಲೆ ಮೊಮ್ಮಗಳು ನಿಂತಳು, ಹೊಸ ಫ್ರಾಕು, ಬಿಗಿದ ಜಡೆ. ನಾನು ಮೈದಾನದ ಸುತ್ತ ಕಟ್ಟಿದ ಹಗ್ಗದ ಈಚೆ ಮಂದಿಯ ನಡುವೆ ನೆಲದ ಮೇಲೆ ಕೂತೆ. “ಹೋಗು!” ಅಂದಳು ಮೊಮ್ಮಗಳು. ಹೋಯಿತು ನೋಡಿ! ಒಂದೂ ಗಟ್ಟೆಗೆ ಉಗುರು ತಾಗಿಸಲಿಲ್ಲ. ಹಲಗೆಗೆ ಒದೆಯಿತು, ನೆಗೆದು ಗಾಳಿಯಲ್ಲೇ ಚೆಂಡು ಹಿಡಿಯಿತು. ಕುರ್ಚಿಯ ಮಂದಿಯೂ ಚಪ್ಪಾಳೆ ತಟ್ಟಿದರು. ತಿರುಗಿ ಹಾರುತ್ತ ಮೊಮ್ಮಗಳ ಮುಂದೆ ಬಂತು.

ಬಂದು ನಿಂತಿತು. ಚೆಂಡು ಬಿಡಲಿಲ್ಲ. ಅವಳ ಫ್ರಾಕು ಮೂಸಿತು, ಹಿಂದೆ ಹೋಗಿ ಮೂಸಿತು, ಸುತ್ತು ಹಾಕಿತು. ಅವಳು ಕೈ ಚಾಚಿದರೆ ಕೈ ನೋಡಿ ಮುಖ ತಿರುಗಿಸಿತು. ಆಗ ನನಗೆ ತಿಳಿಯಿತು. ಫ್ರಾಕಿಗೆ ಎಲ್ಲಿಯ ಉಡಿ? ಚೆಂಡು ಉಡಿಯಲ್ಲೇ ಹಾಕಬೇಕು ಅಂತ ಕಲಿಸಿದ್ದು ನಾನು. ಅದು ಕಲಿತದ್ದನ್ನು ಬರೋಬ್ಬರಿ ಮಾಡುತ್ತಿತ್ತು. ಮಂದಿಯನ್ನೆಲ್ಲ ಒಮ್ಮೆ ನೋಡಿತು, ಹಗ್ಗ ಹಾರಿತು, ಯಾರದೋ ತೊಡೆ ತುಳಿದು ಬಂದು ನನ್ನ ಉಡಿಯಲ್ಲಿ ಚೆಂಡು ಹಾಕಿ ಬಾಲ ಅಲ್ಲಾಡಿಸಿತು.

ಇಡೀ ಮೈದಾನ ನಕ್ಕಿತು. “ತಪ್ಪು!” ಅಂದರು ಸಾಹೇಬರು, ಕಣ್ಣೊರಸಿಕೊಳ್ಳುತ್ತ. “ಗೆರೆ ಬಿಟ್ಟು ಹೋಯ್ತು. ಮುಗೀತಜ್ಜಿ.”

ಮೊಮ್ಮಗಳು ಅಳಲಿಲ್ಲ. ತುಟಿ ಕಚ್ಚಿ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದೆ. ಹಗ್ಗ ಎತ್ತಿ ಒಳಗೆ ಹೋದೆ.

“ಮುಗೀಲಿಲ್ರಿ ಸಾಹೇಬ್ರ. ಆ ಹಿಂಜಿದ ಅರಳಿಯಂಥಾ ನಾಯಿಗಿ ಎಷ್ಟ್ ಸಲ ಬಿಟ್ರಿ? ನಮ್ದಕ್ಕ ಇನ್ನೊಮ್ಮಿ ಬಿಡ್ರಿ.”

“ಅದು ಹೆದರಿತ್ತು ಅಂತ—”

“ನಮ್ದು ಹೆದರಲಿಲ್ಲ ಅಂಬೂದು ತಪ್ಪೇನ್ರಿ?”

ಶಾಮಿಯಾನದಲ್ಲಿ ಒಬ್ಬಾಕೆ ಗಟ್ಟಿಯಾಗಿ ನಕ್ಕು, “ಬಿಡ್ರೀ, ಪಾಪ ಇನ್ನೊಂದ್ಸಲ ಓಡ್ಲಿ,” ಅಂದರು. ಸಾಹೇಬರ ಮನೆಯವರೇ ಇರಬೇಕು, ಯಾಕೆಂದರೆ ಸಾಹೇಬರು ತಟ್ಟನೆ ಕೈ ಬೀಸಿ ಹೂಂ ಅಂದರು.

ನಾನು ಸೀದಾ ಗೆರೆಯ ಮೇಲೆ ಹೋಗಿ ಚಕ್ಕಳಬಕ್ಕಳ ಹಾಕಿ ಕೂತು ಉಡಿ ಚಾಚಿದೆ.

“ಅಜ್ಜಿ, ನಿಂತ್ಕೋಬೇಕು.”

“ಗೆರಿ ಮ್ಯಾಲ ಇರಬೇಕು ಅಂದೀರಿ, ಅದೀನಿ. ಕುಂದರಬ್ಯಾಡ ಅಂತ ಯಾವಾಗ ಅಂದೀರಿ?”

ಮೊಮ್ಮಗಳು ನನ್ನ ಪಕ್ಕ ಬಗ್ಗಿ ನಾಯಿಯ ಕಿವಿಯಲ್ಲಿ ಏನೋ ಅಂದು ಬಿಟ್ಟಳು. ಅದು ಹೋಯಿತು. ಈ ಸಲ ಯಾರೂ ನಗಲಿಲ್ಲ. ಹಾರುವಾಗ ಅದರ ಕಾಲ ಸದ್ದು ಕೂಡ ಕೇಳುತ್ತಿತ್ತು. ಒದೆತ, ನೆಗೆತ, ಚೆಂಡು, ಮತ್ತೆ ಗಟ್ಟೆ, ಮತ್ತೆ ಗಟ್ಟೆ. ಓಡಿ ಬಂದ ರಭಸಕ್ಕೆ ಚೆಂಡಿನ ಸಂಗಡ ತಾನೂ ನನ್ನ ಉಡಿಯಲ್ಲಿ ಬಿತ್ತು. ಮೊಮ್ಮಗಳು ಇಬ್ಬರ ಮೇಲೂ ಬಿದ್ದಳು. ದೂರ ಬೇವಿನ ಗಿಡದ ಕೆಳಗಿನಿಂದ ಯಾರೋ ಸಿಳ್ಳೆ ಹಾಕಿದರು. ಮರ್ಯಾದೆಗೆ ಹೆದರುವ ನನ್ನ ಮಗ ಸಣ್ಣವನಿದ್ದಾಗ ಎತ್ತು ಕಾಯುತ್ತ ಹಾಕುತ್ತಿದ್ದ ಸಿಳ್ಳೆ ಅದು, ನನಗೆ ಗುರುತು ಸಿಗುವುದಿಲ್ಲವೇ?

ಮೊದಲ ಬಹುಮಾನ ತೋಳದಂಥ ನಾಯಿಗೆ ಹೋಯಿತು. ಹೋಗಲಿ, ಅದೂ ಚಲೋ ಓಡಿತ್ತು. ಬಹುಮಾನ ನಾನು ಕೇಳಿರಲಿಲ್ಲ.

“ಭೇಷ್ ಅಜ್ಜಿ,” ಅಂದರು ಸಾಹೇಬರು. “ಬಿಲ್ಲೆಗೆ ನಾಳೆ ಆಫೀಸಿಗೆ ಬನ್ನಿ.”

“ನಾಳಿ ಮುಂಜಾನಿ ಗಾಡಿ ಬರ್ತಾದ್ರಿ.”

“ಗಾಡಿಯವರಿಗೆ ಹೇಳ್ತೀನಿ.”

“ಗಾಡಿಯವ್ರು ನಾಯಿ ಕೊರಳ ನೋಡ್ತಾರ್ರಿ, ನಿಮ್ಮ ಮಾತು ನೋಡಾಂಗಿಲ್ಲ. ಬಿಲ್ಲೆ ತರಸ್ರಿ.”

“ಅಜ್ಜಿ, ಮುಂದೆ ಆಫೀಸರುಗಳ ಓಟ ಇದೆ. ನೀವು ಗೆರೆ ಮೇಲೆ ಕೂತಿದೀರಿ.”

“ಗೊತ್ತದ್ರಿ. ಅದ್ಕೇ ಕುಂತೀನಿ.”

ಚಡ್ಡಿ ಹಾಕಿಕೊಂಡ ಆಫೀಸರುಗಳು ಸಾಲಾಗಿ ನನ್ನ ಹಿಂದೆ ನಿಂತಿದ್ದರು. ಒಬ್ಬರು ಗಡಿಯಾರ ನೋಡಿದರು, ಒಬ್ಬರು ನನ್ನ ನಾಯಿಯ ತಲೆ ಸವರಿದರು. ಯಾರಿಗೂ ಮುದುಕಿಯನ್ನು ಸುತ್ತಿ ಓಡುವ ಮನಸ್ಸಾಗಲಿಲ್ಲ. ಸಾಹೇಬರು ಜವಾನನನ್ನು ಸೈಕಲ್ ಮೇಲೆ ಆಫೀಸಿಗೆ ಕಳಿಸಿದರು. ಅವನು ಬರುವತನಕ ನಾನು ಮೊಮ್ಮಗಳಿಗೂ ನಾಯಿಗೂ ರೊಟ್ಟಿ ಮುರಿದು ಕೊಡುತ್ತ ಕೂತೆ. ಆಫೀಸರೊಬ್ಬರು ತಮಗೂ ಒಂದು ಚೂರು ಕೇಳಿ ಇಸಿದುಕೊಂಡರು.

ಬಿಲ್ಲೆ ಬಂತು. ಜವಾನ ನನ್ನ ಕೈಗೆ ಕೊಡಲು ಬಂದ. ನಾನು ಇಸಿದುಕೊಳ್ಳಲಿಲ್ಲ, ಸಾಹೇಬರ ಕಡೆ ತೋರಿಸಿದೆ. “ನಾನೇ ಕೊಡ್ತೀನಿ ಅಂದಿದ್ರಲ್ರಿ.” ಸಾಹೇಬರು ತೆಗೆದುಕೊಂಡರು, ಬಗ್ಗಿದರು, ಮೊಮ್ಮಗಳು ಹೆಣೆದ ಹಗ್ಗಕ್ಕೆ ತಾವೇ ಕಟ್ಟಿದರು. ನಾಯಿ ಅವರ ಮೂಗು ನೆಕ್ಕಿತು. ಮೊಮ್ಮಗಳು ನಾಯಿಯ ಕೊರಳು ಅಪ್ಪಿ ಏನು ನಕ್ಕಳು, ಏನು ನಕ್ಕಳು! ಆ ನಗೆಗೆ ನಾನು ಇನ್ನೂ ಹತ್ತು ಗೆರೆಗಳ ಮೇಲೆ ಕೂಡುತ್ತಿದ್ದೆ.

“ಈಗಾದ್ರೂ ಏಳ್ತೀರಾ ಅಜ್ಜಿ?”

ಏಳಬೇಕಂದರೆ ಕಾಲು ಜೋಮು ಹಿಡಿದಿತ್ತು. ಒಂದು ಕಡೆ ಬೇವಿನ ಗಿಡದಿಂದ ಓಡಿ ಬಂದ ನನ್ನ ಮಗ, ಇನ್ನೊಂದು ಕಡೆ ಸಾಹೇಬರು, ಇಬ್ಬರೂ ರಟ್ಟೆಗೆ ಕೈ ಹಾಕಿ ಎತ್ತಿದರು. “ಸಾವಕಾಶ್ರಿ,” ಅಂದೆ ನಾನು. ಆಫೀಸರುಗಳ ಓಟ ಇನ್ನೂ ತಡೆಯಲಿ ಅಂತ ಒಂದೊಂದೇ ಹೆಜ್ಜೆ ಇಡುತ್ತ, ಮೊಮ್ಮಗಳನ್ನೂ ನಾಯಿಯನ್ನೂ ಮುಂದೆ ಬಿಟ್ಟುಕೊಂಡು, ಮೈದಾನದ ನಡುವಿನಿಂದಲೇ ನಡೆದೆ.