ದೊಡ್ಡಮ್ಮ ತೀರಿಸಿದ ಕಂತು

ಬೆಳಗಿನ ಹಾಲಿಗೆ ಕಾವಲು ನಿಂತಿದ್ದಾಗ ಮೊಬೈಲಿಗೆ ಸಂದೇಶ ಬಂತು: ನಿಮ್ಮ ಕ್ರೆಡಿಟ್ ಸ್ಕೋರ್ ಬದಲಾಗಿದೆ. ಏರಿತೋ ಇಳಿಯಿತೋ, ಹೇಳುವುದಿಲ್ಲ, ತೆರೆದೇ ನೋಡಬೇಕು. ಧೈರ್ಯ ಒಟ್ಟುಗೂಡುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತು. ನೋಡಿದರೆ, ತುಸು ಏರಿತ್ತು. ಗಾಣದ ಸಾಲ ಕೇಳಲು ಇಂದೇ ಬ್ಯಾಂಕಿಗೆ ಹೋಗಬೇಕು. ನೀವು ನಗಬಹುದು. ವರದಕ್ಷಿಣೆಯಿಂದ ಹಿಡಿದು ದಲ್ಲಾಳಿಯ ತೂಕದ ಮೋಸದವರೆಗೆ ಎಲ್ಲವನ್ನೂ ವೇದಿಕೆ ಹತ್ತಿ ಖಂಡಿಸುವವಳು ನಾನು. ಆದರೂ ಎಲ್ಲೋ ಕುಳಿತ ಯಾರೋ ಕೊಡುವ ಅಂಕಕ್ಕೆ ಫಲಿತಾಂಶದ ದಿನದ ಹುಡುಗಿಯಂತೆ ತಳಮಳಿಸುತ್ತೇನೆ.

ಈ ತಳಮಳ ಶುರುವಾದದ್ದು ಕೆಲವು ವರ್ಷಗಳ ಹಿಂದೆ, ಓದು ಮುಗಿಸಿ ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆಯ ಗಾಣ ಹಾಕಲು ಹೊರಟಾಗ. ನಮ್ಮ ಸೀಮೆಯ ಕೊಬ್ಬರಿ ಉಂಡೆಯಾಗಿಯೇ ಲಾರಿ ಹತ್ತಿ ಹೋಗುತ್ತದೆ. ಅದನ್ನು ಹಸನು ಮಾಡುವ ಹೆಂಗಸರಿಗೆ ಉಳಿಯುವುದು ದಿನಗೂಲಿ ಮಾತ್ರ. ಆ ಅನ್ಯಾಯಕ್ಕೆ ಗಾಣವೇ ನನ್ನ ಉತ್ತರವಾಗಬೇಕಿತ್ತು. ಅದೂ ನನ್ನದೇ ಹೆಸರಿನ ಸಾಲದಲ್ಲಿ. ಅಣ್ಣನ ಹೆಸರಿನಲ್ಲಲ್ಲ, ಮಾವನ ಹೆಸರಿನಲ್ಲೂ ಅಲ್ಲ. ಬ್ಯಾಂಕಿನವರು, ಮೊದಲು ಸಣ್ಣದೊಂದು ಸಾಲ ಮಾಡಿ ಕಂತು ಕಟ್ಟಿ ತೋರಿಸಿ ಎಂದರು. ಸಾಲವನ್ನೇ ಮಾಡದವಳನ್ನು ನಂಬದ ಆ ನ್ಯಾಯವನ್ನು ಶಪಿಸುತ್ತಲೇ ಕಂತಿನ ಮೇಲೆ ಫೋನೊಂದನ್ನು ಕೊಂಡೆ.

ನನ್ನನ್ನು ಸಾಕಿದ ದೊಡ್ಡಮ್ಮ ಇರುವುದು ಬಿಳಿಗೆರೆಯಲ್ಲಿ. ದೊಡ್ಡಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಂಡವಳು ಅವಳು; ಅವರು ಇದ್ದಾಗಲೂ ಅವಳೇ. ಅಟ್ಟದಲ್ಲಿ ಒಣಗುತ್ತಿದ್ದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟ ಸದ್ದು ಕೇಳಿದರೆ ಮಂಡಿಗೆ ಹೇಳಿಕಳಿಸುತ್ತಿದ್ದಳು. ಕಾಯಿ ಅಟ್ಟದಿಂದ ಇಳಿಯುವ ಮೊದಲೇ, ಬರೀ ಅವಳ ಮಾತಿನ ಮೇಲೆ ಮುಂಗಡ ಬರುತ್ತಿತ್ತು. ಅವಳದೊಂದು ವ್ರತವಿತ್ತು: ಯುಗಾದಿಗೆ ಮುಂಚೆ ಬಾಕಿಯೆಲ್ಲ ಚುಕ್ತಾ ಆಗಬೇಕು.

ಫೋನು ಕೊಂಡ ವರ್ಷದ ಯುಗಾದಿಗೆ ಊರಿಗೆ ಹೋದಾಗ ಹೋಳಿಗೆ ಬಡಿಸುತ್ತಾ ಹೇಳಿದಳು: "ನಿನ್ ಫೋನಿನ ಸಾಲಾನೆಲ್ಲಾ ಅಂಗ್ಡಿಗೆ ಹೋಗಿ ಕಟ್ಬುಟ್ಟೆ ಕಣೇ."

"ಅಯ್ಯೋ ದೊಡ್ಡಮ್ಮ, ಕಟ್ಟು ಅಂತ ಯಾರು ಹೇಳಿದ್ರು ನಿಂಗೆ?"

"ಯಾರು ಹೇಳ್ಬೇಕು? ಸಾಲ ಇಟ್ಕೊಂಡು ಹೋಳಿಗೆ ತಿಂದ್ರೆ ಮೈಗೆ ಹತ್ತುತ್ತಾ? ಊರಿಗೆಲ್ಲಾ ಭಾಷಣ ಬಿಗೀತೀಯ, ನಾಚ್ಕೆ ಆಗಲ್ವಾ?"

ತೆಂಗಿನಗರಿ ಸೀಳಿ, ಪೊರಕೆ ಕಟ್ಟಿ, ಮಾರಿ ಕೂಡಿಟ್ಟ ಅವಳ ಸ್ವಂತ ದುಡ್ಡು ಅದು. ಬಯ್ಯುವುದು ಹೇಗೆ? ಆದರೆ ಬ್ಯಾಂಕಿಗೆ ತಿಂಗಳು ತಿಂಗಳು ಕಟ್ಟಿ ತೋರಿಸಲು ಇನ್ನು ಕಂತೇ ಉಳಿದಿರಲಿಲ್ಲ. ಹೆದರಿದಂತೆಯೇ ಆಯಿತು. ಎರಡು ಕಂತಿನ ಚರಿತ್ರೆಯನ್ನು ನೋಡಿ ಗಾಣದ ಸಾಲ ಯಾರು ಕೊಡುತ್ತಾರೆ? ಅರ್ಜಿ ಹಿಂದಕ್ಕೆ ಬಂತು.

ವಿಷಯ ತಿಳಿದ ದೊಡ್ಡಮ್ಮ, "ತೀರ್ಸಿದ್ದೇ ತಪ್ಪಾಯ್ತಾ? ನಡಿ, ನಾನೇ ಜಾಮೀನು ನಿಲ್ತೀನಿ," ಎಂದು ಒಳ್ಳೆಯ ಸೀರೆಯುಟ್ಟು ಹೊರಟಳು. ಬ್ಯಾಂಕಿನ ಅಧಿಕಾರಿ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಸೋತ.

"ನಿಮ್ಮ ಹೆಸ್ರಲ್ಲಿ ಏನೂ ತೋರಿಸ್ತಿಲ್ಲ ಅಮ್ಮ. ಮನೇಲಿ ಗಂಡಸರಿದ್ರೆ ಕರ್ಕೊಂಡ್ ಬನ್ನಿ."

"ಗಂಡಸ್ರು ಇದ್ದಾಗ್ಲೂ ಸಾಲ ತಂದೋಳು ನಾನೇ, ತೀರ್ಸಿದೋಳೂ ನಾನೇ ಕಣಪ್ಪ. ಹೆಸ್ರು ಮಾತ್ರ ಅವ್ರದ್ದು."

ಹುಡುಗ ಒಳ್ಳೆಯವನೇ, ತಲೆ ತಗ್ಗಿಸಿದ. ಬಿಳಿಗೆರೆಯ ಬಸ್ಸಿಗೆ ಕಾಯುತ್ತಾ ನಾನು ಪುರುಷಪ್ರಧಾನ ವ್ಯವಸ್ಥೆಯ ಮೇಲೆ ಆರಂಭಿಸಿದ್ದ ಉಪನ್ಯಾಸವನ್ನು ಅವಳು ನಡುವೆಯೇ ತಡೆದಳು. "ಅದೆಲ್ಲ ಇರ್ಲಿ ಬುಡು. ನಾನು ತೀರ್ಸಿದ್ದೆಲ್ಲ ಎಲ್ಲಿಗೆ ಹೋಯ್ತೇ?"

ಅವಳ ಹೆಸರು ಪಹಣಿಯಲ್ಲಿ ಇರಲಿಲ್ಲ, ಮಂಡಿಯ ಲೆಕ್ಕದಲ್ಲೂ ಇರಲಿಲ್ಲ. ಅಷ್ಟು ವರ್ಷಗಳ ನಾಣ್ಯಸ್ಥಿಕೆಯೆಲ್ಲ ದೊಡ್ಡಪ್ಪನ ಹೆಸರಿನೊಂದಿಗೇ ಮಣ್ಣಾಗಿತ್ತು.

ತೀರಿಸಿದ್ದು ಇನ್ನಾದರೂ ತನ್ನ ಹೆಸರಿನಲ್ಲಿ ಉಳಿಯಲೆಂದು ಮರುವಾರವೇ ಅವಳು ಉಳಿದ ಪೊರಕೆ ದುಡ್ಡನ್ನು ಠೇವಣಿಯಿಟ್ಟು, ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡ್ ಪಡೆದಳು. ನಾನೂ ಪಡೆದೆ. ಗೊಬ್ಬರದಂಗಡಿಯಲ್ಲಿ ಕಾರ್ಡ್ ಕೊಟ್ಟು ಬಂದ ದಿನದಿಂದಲೇ ಅವಳಿಗೆ ಚಡಪಡಿಕೆ: "ಬಿಲ್ಲು ಬಂತೇನೇ? ಇನ್ನೂ ಇಲ್ವಾ? ಅವರಿಗೆ ದುಡ್ಡು ಬ್ಯಾಡ್ವಂತಾ?" ಬಿಲ್ಲು ಬರುವವರೆಗೆ ಕಾಯಲೇಬೇಕೆಂದು ನಾನು ಹಟ ಹಿಡಿದೆ. ಮುಂದಿನ ಯುಗಾದಿ ಆ ಕಾಯುವಿಕೆಯ ನಡುವೆಯೇ ಬಂತು. ಎಲ್ಲರಿಗೂ ಬಡಿಸಿದ ಅವಳು ತಾನು ಹೋಳಿಗೆ ಮುಟ್ಟಲಿಲ್ಲ; ಬಿಲ್ಲು ಕಟ್ಟಿದ ದಿನ ಬೆಲ್ಲ ಕೊಬ್ಬರಿ ತಿಂದಳು. ನಾನೋ, ಕೊಬ್ಬರಿ ಬೆಲೆಗಾಗಿ ಧರಣಿ ಕುಳಿತಿದ್ದ ವಾರ ಗಡುವನ್ನೇ ಮರೆತು ದಂಡ ತೆತ್ತೆ.

ಈಗ ಅದೇ ಬ್ಯಾಂಕಿನಲ್ಲಿ ಇಬ್ಬರೂ ಕುಳಿತಿದ್ದೇವೆ. ಸಾಲ ಮಂಜೂರಾಗುತ್ತದೆಯೋ ಇಲ್ಲವೋ, ಮೇಲಿನವರು ಹೇಳಬೇಕು; ಆದರೆ ಈ ಸಲ ಅರ್ಜಿಯನ್ನು ಹಿಂದಿರುಗಿಸದೆ ತುಂಬಿಕೊಳ್ಳುತ್ತಿದ್ದಾರೆ. ಇಬ್ಬರ ಅಂಕ ಸೇರಿದರೆ ತೂಕ ಬರುತ್ತದೆಂದು ಕೇಳಿದ್ದು ಜಂಟಿ ಸಾಲ; ಹಾಗಾಗಿ ಮೊದಲ ಹೆಸರು ಯಾರದೆಂದು ಅಧಿಕಾರಿ ಕೇಳಿದ. ಓದು ಮುಗಿಸಿದಂದಿನಿಂದ ನಾನು ಬಯಸಿದ್ದು ಆ ಜಾಗವನ್ನೇ. ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಕುರ್ಚಿಯ ಅಂಚಿಗೆ ಸರಿದಳು.

"ನಂದು ಬರ್ಕೊಳಪ್ಪ. ಇವ್ಳಿಗೆ ಇನ್ನೂ ವಯಸ್ಸೈತೆ."

ಅವನು ನನ್ನ ಮುಖ ನೋಡಿದ. ಎರಡನೆಯ ಸಾಲಿನಲ್ಲಿ ಬರೆಯಲು ನನ್ನ ಹೆಸರನ್ನು ನಾನೇ ಹೇಳಿದೆ.