ಬಂಡೆಯ ಬಿರುಕಿನಲ್ಲಿ ಬೇವಿನ ಟೊಂಗೆ

ಮೊನ್ನೆ ಬೈಲಹೊಂಗಲದ ಪೇಟೆಯಲ್ಲಿ ಎಣ್ಣೆ ಗಾಣದ ಮುಂದೆ ಹಾದು ಹೋಗುವಾಗ ಹೊಸ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗಾದರೆ ಎಮ್ಮೆ, ಹಾಲು ನೆನಪಾಗುತ್ತಿತ್ತೇನೋ. ನನಗೆ ನೆನಪಾದವರು ಕಂಡಕ್ಟರ್ ಕಾಕಾ. ಅಲ್ಲೇ ನಿಂತುಬಿಟ್ಟೆ...

ತೊಂಬತ್ತರ ದಶಕದ ಕೊನೆಯ ಮಾತು. ನಾನು ಅಪ್ಪನ ದಲಾಲಿ ಅಂಗಡಿಯಲ್ಲಿ ಕೂಡುತ್ತಿದ್ದೆ. ಭಾನುವಾರ ಬಂದರೆ ಸ್ಕೂಟರ್ ಹತ್ತಿ ಸವದತ್ತಿ ಕಡೆಯ ಮಲಪ್ರಭೆಯ ಹಿನ್ನೀರಿಗೆ ಹೋಗಿ ಗಾಳ ಹಾಕುವುದು ನನ್ನ ಚಟ. ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೂ ಅವ್ವ ಬಾಯಿ ತೊಳೆದುಕೊಂಡು ಬಾ ಅನ್ನುತ್ತಿದ್ದಳು. ಹಾಗಾಗಿ ಹಿಡಿದದ್ದನ್ನು ಮತ್ತೆ ನೀರಿಗೇ ಬಿಡುತ್ತಿದ್ದೆ. ಗಾಳ ಜಗ್ಗುವ ಆ ಒಂದು ಗಳಿಗೆಯೇ ನನಗೆ ಸಾಕಿತ್ತು.

ಕಾಕಾ ಮುರಗೋಡದವರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರ ಎಡಗಾಲು ಮೊಣಕಾಲಿನಲ್ಲಿ ಮಡಚುತ್ತಿರಲಿಲ್ಲ. ದಂಡೆಯೆಲ್ಲ ಇಳಿಜಾರು, ಕೆಸರು. ಆ ಕಾಲನ್ನು ನೀಟಾಗಿ ಚಾಚಿ ಕೂಡಲು ಬರುತ್ತಿದ್ದದ್ದು ಅಲ್ಲಿದ್ದ ಒಂದು ಚಪ್ಪಟೆ ಬಂಡೆಯ ಮೇಲೆ ಮಾತ್ರ. ಇದು ಗಾಳ ಹಾಕುವವರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ನಮ್ಮಲ್ಲಿ ಒಂದು ನೇಮವಿತ್ತು. ಶನಿವಾರ ಸಂಜೆ ಬಂದು ನೀರಿಗೆ ಹಿಂಡಿ ಎರಚಿ, ಮೀನಿಗೆ ಆ ಜಾಗದ ರುಚಿ ಹತ್ತಿಸಿ, ಗುರುತಿಗೆ ಬೇವಿನ ಟೊಂಗೆ ಸಿಕ್ಕಿಸಿ ಹೋದವರಿಗೆ ಮರುದಿನ ಆ ಜಾಗ. ನೀರಿನ ಮೇಲೆ ಬಿಸಿಲು ಬೀಳುವತನಕ ಬೇರೆ ಯಾರೂ ಅಲ್ಲಿ ಕೂಡುವಂತಿಲ್ಲ. ಬಿಸಿಲು ಬಿದ್ದ ಮೇಲೆ ಮೊದಲು ಬಂದವರದು. ಕಾಕಾ ಪ್ರತಿ ಶನಿವಾರ ಬಂಡೆಯ ಬಿರುಕಿಗೆ ಟೊಂಗೆ ಸಿಕ್ಕಿಸಿ ಹೋಗಿ, ಮರುದಿನ ಮೊದಲ ಬಸ್ಸಿಗೆ ಬಂದು ಕೂಡುತ್ತಿದ್ದರು.

ಒಂದು ಭಾನುವಾರ ಅವರು ಇನ್ನೂ ಬಂದಿರಲಿಲ್ಲ. ನನ್ನ ಕೈಯಲ್ಲಿ ಹೊಸದಾಗಿ ತಂದ ರೀಲಿನ ಕೋಲು. ಬಂಡೆ ಖಾಲಿ, ಬಿರುಕಿನಲ್ಲಿ ಟೊಂಗೆ, ನೀರಿನ ಮೇಲೆ ಆಗಷ್ಟೇ ಬಿದ್ದ ಬಿಸಿಲು. ಟೊಂಗೆ ಕಿತ್ತು ಪಕ್ಕಕ್ಕೆಸೆದು ಕೂತೆ. ಸ್ವಲ್ಪ ಹೊತ್ತಿಗೆ ಕಾಕಾ ಕುಂಟುತ್ತ, ಬೆವರುತ್ತ ಬಂದರು.

"ಬಸ್ ಕೆಟ್ಟ ನಿಂತಿತ್ರಿ ಸಾವ್ಕಾರ್ರ. ನಿನ್ನಿ ಹಿಂಡಿ ಹಾಕಿ ಹೋಗಿದ್ನಿ..." ಎಂದರು.

"ಬಿಸಲ ಬಿದ್ದೈತಲ್ಲ ಕಾಕಾ. ನೇಮಾ ಅಂದ್ರ ನೇಮಾ," ಎಂದೆ.

ದಂಡೆಯ ಮೇಲೆ ಚಹಾ ಮಾರುತ್ತಿದ್ದವನು, "ಅವ್ರ ಕಾಲರ ನೋಡ್ರಿ, ಬಿಟ್ಟ ಕೊಡ್ರಿ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಹೊಳಿ ಏನ ಇವರಪ್ಪಂದೇನು?" ಎಂದುಬಿಟ್ಟೆ. ನನ್ನಪ್ಪನ ವಯಸ್ಸಿನವರ ಎದುರಿಗೆ! ಥೂ, ಈಗಲೂ ಆ ಮಾತು ನೆನೆದರೆ ನನ್ನ ನಾಲಿಗೆ ಕಿತ್ತಿಡಬೇಕು ಅನ್ನಿಸುತ್ತದೆ.

ಕಾಕಾ ವಾದಕ್ಕೆ ಬರಲಿಲ್ಲ. "ಖರೇ ಐತ್ರಿ. ನೇಮಾ ನಿಮ್ಮ ಕಡೆನ ಐತಿ. ಕುಂಡ್ರಿ, ಕುಂಡ್ರಿ," ಎಂದು ಇಳಿಜಾರಿಗೆ ಹೋಗಿ, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತೇ ಗಾಳ ಒಗೆದರು. ನನಗೆ ಒಂದು ದೊಡ್ಡ ಕಟ್ಲಾ ಸಿಕ್ಕಿತು. ಅವರು ಹಾಕಿದ ಹಿಂಡಿಗೆ ಬಂದ ಮೀನು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಜಂಬದಿಂದ ನೀರಿಗೆ ಬಿಟ್ಟೆ. ಕಾಕಾ ಮನೆಯಲ್ಲಿ ಮೀನು ಉಣ್ಣುವವರು, ಅವತ್ತು ಅವರ ಚೀಲದಲ್ಲಿ ಏನೂ ಇರಲಿಲ್ಲ. ಕರೆದು ಕೊಡಬಹುದಿತ್ತು... ಕೊಡಲಿಲ್ಲ.

ಆಮೇಲೆ ಒಂದೆರಡು ಭಾನುವಾರ ಬಂದು ಅವರು ಇಳಿಜಾರಿನಲ್ಲೇ ನಿಂತರು. ನಂತರ ಬರುವುದನ್ನೇ ಬಿಟ್ಟರು. ನಾನು ಬಂಡೆ ನನ್ನದೇ ಎಂಬಂತೆ ಕೂಡತೊಡಗಿದೆ.

ಚಳಿಗಾಲದ ಒಂದು ಬೆಳಿಗ್ಗೆ ಹೋದರೆ ಬಿರುಕಿನಲ್ಲಿ ಹಸಿ ಬೇವಿನ ಟೊಂಗೆ! ಸುತ್ತ ಹಿಂಡಿಯ ಪುಡಿ. ಕಾಕಾ ಮತ್ತೆ ಬರುತ್ತಾರೆಂದು ಎದೆ ಹಗುರಾಯಿತು. ಈ ಸಲ ಬಂಡೆ ಮುಟ್ಟಲಿಲ್ಲ. ಬಿಸಿಲು ಬಿತ್ತು, ಏರಿತು, ಕಾಕಾ ಬರಲಿಲ್ಲ. ಕೊನೆಗೆ ಚಹಾದವನು ನಕ್ಕ.

"ಯಾರ ದಾರಿ ಕಾಯಾಕತ್ತೀರಿ? ಕಾಕಾರು ಅದನ್ನ ನಿಮಗಂತ ಇಟ್ಟ ಹೋಗ್ಯಾರ. ನಿನ್ನಿ ಸವದತ್ತಿ ದವಾಖಾನಿಗಿ ಹೋಗಿದ್ರಂತ, ಹೊಳ್ಳಿ ಹೋಗಬೇಕಾದ್ರ ಇಲ್ಲಿ ಇಳದಿದ್ರು. ಸಾವ್ಕಾರ್ರು ದೂರಿಂದ ಬರತಾರ, ಯಾರರ ಮೊದಲ ಬಂದ ಕುಂತ್ರ ಜಾಗಾ ಹೋದೀತು ಅಂದ್ರು."

ಅವತ್ತು ಗಾಳ ಬಿಚ್ಚದೆ ವಾಪಸಾದೆ. ಮುರಗೋಡ ನನ್ನ ದಾರಿಯಲ್ಲೇ ಇತ್ತು, ಸ್ಕೂಟರ್ ತಿರುಗಿಸಿ ಅವರ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಮುಂದಿನ ವಾರ ಹೋದರಾಯಿತು ಅಂದುಕೊಂಡೆ. ಹತ್ತಿಯ ಸುಗ್ಗಿ, ಅಂಗಡಿ ಎಂದು ನೆವ ಹುಡುಕಿದೆ. ಅವರೆದುರು ನಿಲ್ಲಲು ಮುಖವಿರಲಿಲ್ಲ, ಅಷ್ಟೇ ಖರೆ. ಮಳೆಗಾಲ ಮುಗಿದ ಮೇಲೆ ಹಿನ್ನೀರಿಗೆ ಹೋದಾಗ, ಕಾಕಾ ತೀರಿಕೊಂಡರೆಂದು ಅದೇ ಚಹಾದವನು ಹೇಳಿದ. ಆಮೇಲೆ ನಾನು ಗಾಳ ಹಿಡಿಯಲಿಲ್ಲ.

ಮೊನ್ನೆ ಗಾಣದಲ್ಲಿ ಒಂದಿಷ್ಟು ಹಿಂಡಿ ಕಟ್ಟಿಸಿಕೊಂಡು ಎಷ್ಟೋ ವರ್ಷದ ಮೇಲೆ ಅಲ್ಲಿಗೆ ಹೋದೆ. ಚಹಾದ ಅಂಗಡಿ ಈಗಿಲ್ಲ. ಬಂಡೆ ಹಾಗೇ ಇದೆ. ಹಿಂಡಿಯನ್ನು ನೀರಿಗೆ ಎರಚಿದೆ, ಬಿರುಕಿಗೆ ಟೊಂಗೆ ಸಿಕ್ಕಿಸಿದೆ. ದಣಿವಾಗಿ ಅಲ್ಲೇ ಕೂತು ಚೀಲ, ನೀರಿನ ಬಾಟಲಿ, ಬುತ್ತಿಯ ಡಬ್ಬಿ ಎಲ್ಲವನ್ನೂ ಪಕ್ಕದಲ್ಲಿಟ್ಟುಕೊಂಡೆ. ಅಷ್ಟೆಲ್ಲ ಇಟ್ಟ ಮೇಲೂ, ಇನ್ನೊಬ್ಬರು ಕಾಲು ಚಾಚಿ ಕೂಡುವಷ್ಟು ಜಾಗ ಬಂಡೆಯ ಮೇಲೆ ಉಳಿದಿತ್ತು.