ಮೋಟಾರು ತಣ್ಣಗಾಗುವ ತನಕ

ಕಳೆದ ವಾರ ಚಟ್ನಿ ರುಬ್ಬುವಾಗ ನಮ್ಮ ಮಿಕ್ಸರ್ ಗೊರಗೊರ ಸದ್ದು ಮಾಡಿ ನಿಂತುಬಿಟ್ಟಿತು. ಹಿಂದೆಯೇ ವಾಸನೆ: ಸುಟ್ಟ ವಾರ್ನಿಶು, ಕಾದ ತಾಮ್ರ, ಅದರೊಳಗೆ ಒಂಚೂರು ಸೀದ ಬೆಲ್ಲದಂಥದ್ದು. ಬೇರೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಅಡುಗೆಕಟ್ಟೆಗೆ ಒರಗಿ ಮೂಗರಳಿಸಿ ನಿಂತೆ. ಹೈದರಾಬಾದಿನ ಕಾಚಿಗೂಡದ ನಮ್ಮ ಹಳೇ ಮನೆ, ಶಾಬಾದಿ ಕಲ್ಲು ಹಾಸಿದ ಉದ್ದನೆಯ ಪಡಸಾಲೆ, ಕಿಟಕಿ ಪಕ್ಕದ ಮಂಚದಲ್ಲಿ ಅಡಕತ್ತರಿ ಹಿಡಿದು ಕೂತ ಅಜ್ಜ, ಎಲ್ಲಾ ಒಮ್ಮೆಲೇ ಕಣ್ಣ ಮುಂದೆ ಬಂತು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಮೂರಂತಸ್ತಿನ ಲಾಡ್ಜ್ ಎದ್ದಿದೆ.

ನನಗಾಗ ಹತ್ತು ವರ್ಷ. ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕಾಕಾ ಬೇಸಿಗೆ ರಜೆಗೆಂದು ಕೋಠಿ ಬಜಾರಿನಿಂದ ಒಂದು ಕೆಂಪು ರಿಮೋಟ್ ಕಾರು ತಂದ. ತಂದದ್ದನ್ನು ಸುಮ್ಮನೆ ಕೊಡುವ ಜಾತಿಯವನಲ್ಲ ಅವನು. ಬಿಚ್ಚಿ, ದೊಡ್ಡ ಬ್ಯಾಟರಿ ಕೂರಿಸಿ, ಅದನ್ನು ಹುಚ್ಚು ಕುದುರೆ ಮಾಡಿ ಕೊಟ್ಟ. ಹೆಬ್ಬೆರಳಿನಷ್ಟು ಮೋಟಾರು, ಹೈದರಾಬಾದಿನ ಬಿಸಿಲು, ಹತ್ತು ಸುತ್ತಿಗೇ ಕಾದ ಹಂಚು! ಗಾಳಿಯಾಡಲೆಂದು ಕಾರಿನ ನೆತ್ತಿಗೆ ತೂತು ಕೊರೆದ, ಮೋಟಾರಿನ ಬೆನ್ನಿಗೆ ಅಲ್ಯೂಮಿನಿಯಂ ತಗಡು ಬಿಗಿದ. ಅಷ್ಟಾದರೂ ಧೈರ್ಯ ಸಾಲದೆ ಕಾವಲಿಗೆ ಅಜ್ಜನನ್ನು ಕೂರಿಸಿದ. "ಅಪ್ಪಾ, ಹತ್ತು ಸುತ್ತಿನ ಮ್ಯಾಲೆ ಬಿಡಬ್ಯಾಡ್ರಿ. ಬೆರಳಿಟ್ಟು ನೋಡ್ರಿ. ಪೂರಾ ತಣ್ಣಗಾದ ಮ್ಯಾಲೇನ ಮತ್ತ ಓಡಸ್ಲಿ."

ಸರಕಾರಿ ಕಚೇರಿಯಲ್ಲಿ ತಲೆ ನರೆಸಿಕೊಂಡ ಅಜ್ಜನಿಗೆ ಅಪ್ಪಣೆ ಅಂದರೆ ಅಪ್ಪಣೆ. ಹತ್ತನೇ ಸುತ್ತಿಗೆ ಸರಿಯಾಗಿ "ಬಸ್!" ಅನ್ನುತ್ತಿದ್ದ. ಕಾರು ಅವನ ತೊಡೆ ಏರುತ್ತಿತ್ತು. ಚಕ್ರದ ಸರಳಿಗೆ ಸುತ್ತಿಕೊಂಡ ಜಮಖಾನೆಯ ಎಳೆ, ನನ್ನ ಕೂದಲು, ಒಂದೊಂದನ್ನೇ ಚಿಮಟದಿಂದ ಎಳೆದು ತೆಗೆಯುತ್ತಿದ್ದ. "ನಿನ್ನ ಕೂದ್ಲ ಸುತಗೊಂಡ್ರ ಅದಕ್ಕರ ದಮ್ಮು ಹತ್ತಾಂಗಿಲ್ಲೇನವಾ, ಪಾಪ!" ಎಂದು ಜಡೆ ಜಗ್ಗುತ್ತಿದ್ದ. ಒಂದು ಎಲೆ-ಅಡಿಕೆ ಮುಗಿಯುವಷ್ಟರಲ್ಲಿ ಮೋಟಾರು ಆರಬೇಕು, ಇದು ಅವನ ಅಳತೆ. ಅಡಿಕೆ ಕತ್ತರಿಸುತ್ತಲೇ ಕಥೆ ಶುರುವಾಗುತ್ತಿತ್ತು. ಅವನು ಹನ್ನೆರಡು ವರ್ಷದವನಿದ್ದಾಗ ಅಕ್ಕ ಗಂಗಕ್ಕ ಅವನ ಕೈ ಹಿಡಿದು ಊರು ಬಿಡಿಸಿ ಹೈದರಾಬಾದಿನ ರೈಲು ಹತ್ತಿದ ಕಥೆ. ಸಜ್ಜಿರೊಟ್ಟಿಯ ಗಂಟು, ಕಣ್ಣಿಗೆ ಬಿದ್ದ ಕಲ್ಲಿದ್ದಲ ಪುಡಿ, ಕಿಟಕಿ ಪಕ್ಕ ಕೂರಲು ಇಬ್ಬರ ಜಗಳ. ನಿಮ್ಮ ಮನೆಯಲ್ಲೂ ಹೀಗೆ ಹೇಳುವವರೊಬ್ಬರು ಇದ್ದಿರಬೇಕು, ನೀವೂ ನನ್ನ ಹಾಗೇ ಅರ್ಧ ಕಿವಿಯಲ್ಲಿ ಕೇಳಿರಬೇಕು. ಹೂಂ ಹೂಂ ಅನ್ನುತ್ತ, ನಡುನಡುವೆ "ಆರಿತೇನ ಅಜ್ಜಾ?" ಎಂದು ಪೀಡಿಸುವ ಕೆಟ್ಟ ಹುಡುಗಿ ನಾನು.

ಒಂದು ಮಧ್ಯಾಹ್ನ ಕಥೆ ವಾಡಿ ಜಂಕ್ಷನ್ನಿಗೆ ಬಂದಿತ್ತು. "ತಂಬಿಗಿ ತೊಗೊಂಡು ಗಂಗಕ್ಕ ನೀರಿಗಂತ ಇಳದ್ಲು. ಇಲ್ಲೇ ಕೂಡ್ರು, ಎಲ್ಲೂ ಹೋಗಬ್ಯಾಡ ಅಂದ್ಲು. ಗಾಡಿ ಸೀಟಿ ಹೊಡೀತು..." ಅಜ್ಜ ಮಾತು ನಿಲ್ಲಿಸಿ ಕಿಟಕಿಯ ಹೊರಗೆ ನೋಡತೊಡಗಿದ. ಅದೇ ಸಂದಿನಲ್ಲಿ ನಾನು ಮೋಟಾರಿಗೆ ಬೆರಳಿಟ್ಟೆ. ಚುರ್ ಅಂತು. "ತಣ್ಣಗಾಗೈತಿ ಅಜ್ಜಾ" ಅಂದೆ. ಶುದ್ಧ ಸುಳ್ಳು. ಯಾವತ್ತೂ ತಾನೇ ಮುಟ್ಟಿ ನೋಡುವವನು ಅವತ್ತು ಮುಟ್ಟಲಿಲ್ಲ. "ಹೌದಾ? ಹಂಗಾರ ಹೋಗು. ಉಳದದ್ದು ಮುಂದಿನ ಸಲ." ನಾಲ್ಕನೇ ಸುತ್ತಿಗೆ ಕಾರು ಪಡಸಾಲೆಯ ನಡುವೆ ನಿಂತು ಹೊಗೆಯಾಡಿತು.

ಅಜ್ಜ ಬೈಯಲಿಲ್ಲ. ಅಂಥ ಮೋಟಾರು ಕೋಠಿಯಲ್ಲಿ ಮತ್ತೆ ಸಿಗಲಿಲ್ಲ, ಶಾಲೆ ಶುರುವಾಯಿತು, ಕಾರು ಅಟ್ಟ ಸೇರಿತು. ಒಂದು ಸಂಜೆ ಅವನೇ ಕರೆದ. "ಬಾರವಾ, ಕೂಡ್ರು. ವಾಡಿ ಸ್ಟೇಶನ್ನಿಗೆ ಬಿಟ್ಟಿದ್ವಲ್ಲ ನಾವು." ನಾನು ಹೊರಗೆ ಆಡಲು ಹೊರಟಿದ್ದೆ. "ಗಾಡಿನ ಸುಟ್ಟೈತಿ, ಈಗ್ಯಾಕ ಅಜ್ಜಾ?" ಅಂದೆ. "ಅದೂ ಖರೇನ ಬಿಡು" ಎಂದು ನಕ್ಕ. ಅದೇ ಮಳೆಗಾಲದಲ್ಲಿ ಹೋಗಿಬಿಟ್ಟ.

ಮರುವರ್ಷ ಮಹಾಲಯ ಅಮಾವಾಸ್ಯೆ. ಹೋದ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಸಿ ಎಡೆ ಇಡುವುದು ನಮ್ಮ ಪದ್ಧತಿ. "ಎಷ್ಟು ಎಲಿ ಹಾಕ್ಲಿರಿ?" ಅವ್ವ ಕೇಳಿದಳು. "ಎರಡು. ಅಪ್ಪಗೊಂದು, ಅವ್ವಗೊಂದು" ಅಂದ ಅಪ್ಪ. ನನ್ನ ಬಾಯಿ ಸುಮ್ಮನಿರಲಿಲ್ಲ. "ಗಂಗಕ್ಕಗ?" ಅಂದೆ.

"ಯಾವ ಗಂಗಕ್ಕ?"

"ಅಜ್ಜನ ಅಕ್ಕ."

ತನಗೆ ಅಂಥ ಒಬ್ಬ ಸೋದರತ್ತೆ ಇದ್ದದ್ದೇ ಅಪ್ಪನಿಗೆ ಗೊತ್ತಿರಲಿಲ್ಲ. ಕಾಕಾನಿಗೂ ಇಲ್ಲ. ಆ ಹೆಸರಿಗೆ ಅಜ್ಜ ಒಂದು ವರ್ಷವೂ ಎಡೆ ಇಟ್ಟವನಲ್ಲ. ನಾನು ಗೊತ್ತಿದ್ದಷ್ಟೂ ಹೇಳಿದೆ, ಗಾಡಿ ಸೀಟಿ ಹೊಡೆಯುವ ತನಕ.

"ಆಮ್ಯಾಲೆ?" ಅಪ್ಪ ನನ್ನ ಎದುರು ಕುಕ್ಕರಗಾಲಲ್ಲಿ ಕೂತ. "ವಾಪಸ್ ಬಂದ್ಲೇನು ಆಕಿ? ಏನಂದ ಅಜ್ಜ?"

ಬದುಕಿದ್ದವರಿಗೆ ಎಡೆ ಇಡಬಾರದು. ಹೋದವರನ್ನು ಉಪವಾಸ ಕಳಿಸಬಾರದು. ಅವ್ವ ಮೂರನೇ ಎಲೆ ತೊಳೆದು ಕೈಯಲ್ಲಿ ಹಿಡಿದೇ ನಿಂತಿದ್ದಳು.

"ಗೊತ್ತಿಲ್ಲಪ್ಪಾ. ನಾ ಕೇಳಲಿಲ್ಲ" ಎಂದು ಅತ್ತುಬಿಟ್ಟೆ.

ಆ ಎಲೆಯನ್ನು ಹಾಸಲಿಲ್ಲ. ಈಗ ಅಪ್ಪನಿಗೂ ತಲೆ ಬೆಳ್ಳಗಾಗಿದೆ. ಪ್ರತಿ ವರ್ಷ ಎಲೆ ತೊಳೆಯುವ ಹೊತ್ತಿಗೆ, ಏನಾದರೂ ನೆನಪಾಯಿತೇನೋ ಎಂದು, ಇವತ್ತಿಗೂ ಒಂದು ಸಲ ನನ್ನ ಮುಖ ನೋಡುತ್ತಾನೆ.